ಲಾರಿಗೆ ಮನೆಮದ್ದು



ಡೀಸೆಲ್ ಟ್ಯಾಂಕು ಸಣ್ಣಗೆ ಸೋರತೊಡಗಿದರೆ ಬಟ್ಟೆ ಒಗೆಯುವ ಬಾರ್ ಸೋಪನ್ನು ಒತ್ತಿ ತಿಕ್ಕಬೇಕು ಎಂದು ನಮ್ಮ ಲಾರಿ ಚಾಲಕರಿಗೆ ಯಾವ ತರಬೇತಿ ಶಾಲೆಯೂ ಹೇಳಿಕೊಟ್ಟಿಲ್ಲ. ಆದರೂ ಸಂಪಾಜೆ ಘಾಟಿಯಲ್ಲಿ ಕಲ್ಲು ಸಿಡಿದು ಟ್ಯಾಂಕಿಗೆ ತೂತು ಬಿದ್ದರೆ ಕ್ಲೀನರ್ ಹುಡುಗ ಮೊದಲು ಹುಡುಕುವುದು ಸೋಪನ್ನೇ. ಸೋಪು ನೀರಿಗೆ ಕರಗುತ್ತದೆ, ಡೀಸೆಲಿಗೆ ಕರಗುವುದಿಲ್ಲ. ಹೊರಗಿನಿಂದ ಮಳೆ ಹೊಡೆಯದಿದ್ದರೆ ಅದು ಮಡಿಕೇರಿಯವರೆಗೆ ನಿಲ್ಲುತ್ತದೆ. ರೇಡಿಯೇಟರು ಸೋರಿದರೆ ಒಂದು ಹಿಡಿ ಅರಿಶಿನ ಪುಡಿ. ಆ ಪುಡಿ ನೀರಿನ ಜೊತೆ ಓಡಾಡಿ ಬಿರುಕಿನ ಬಾಯಲ್ಲಿ ಕೂರುತ್ತದೆ. ಇಂಥ ಉಪಾಯಗಳ ಬಗ್ಗೆ ನನಗೆ ಗೌರವವೇ ಇದೆ. ರಾತ್ರಿ ಹನ್ನೊಂದು ಗಂಟೆಗೆ ಮಾಕುಟ್ಟದ ಕಾಡಿನ ನಡುವೆ ಗಾಡಿ ನಿಂತವನಿಗೆ ಪುಸ್ತಕದ ಜ್ಞಾನ ಯಾವ ಉಪಯೋಗಕ್ಕೂ ಬರುವುದಿಲ್ಲ.

ಆದರೆ ಇವೆಲ್ಲ ಊರು ಮುಟ್ಟಿಸುವ ಉಪಾಯಗಳು. ಮಾರನೆಯ ದಿನ ಟ್ಯಾಂಕಿಗೆ ಬೆಸುಗೆ ಹಾಕಿಸಿದರೆ ಅಲ್ಲಿಗೆ ಮುಗಿಯಿತು. ನಾನಿವತ್ತು ಹೇಳಬೇಕೆಂದಿರುವುದು ದಿನಾ ಟ್ಯಾಂಕಿನೊಳಕ್ಕೂ ಆಯಿಲ್ ಸಂಪಿನೊಳಕ್ಕೂ ಸುರಿಯುವ ಮನೆಮದ್ದುಗಳ ಬಗ್ಗೆ. ಸೀಮೆಎಣ್ಣೆ, ಟೂಟಿ ಆಯಿಲ್, ಹೊಂಗೆಎಣ್ಣೆ, ಬಟ್ಟೆಯಲ್ಲಿ ಸೋಸಿದ ಹಳೆ ಎಂಜಿನ್ ಆಯಿಲ್, ಈಚೆಗೆ ತೋಟದ ಗೊಬ್ಬರದ ಯೂರಿಯಾ. ಇವು ಯಾವುವೂ ಬರೀ ಮೂಢನಂಬಿಕೆಯಿಂದ ಹುಟ್ಟಿದವಲ್ಲ. ಒಂದೊಂದಕ್ಕೂ ಒಂದು ಕಾಲದಲ್ಲಿ ಒಂದು ಕಾರಣ ಇತ್ತು. ಎಂಜಿನ್ ಬದಲಾಯಿತು, ಡೀಸೆಲೂ ಬದಲಾಯಿತು, ಮದ್ದು ಮಾತ್ರ ಹಾಗೇ ಉಳಿದುಕೊಂಡಿತು.

ಹೊಗೆಯಿಂದ ಶುರು ಮಾಡೋಣ. ನಮ್ಮ ಕೊಡಗಿನ ಕಡೆಯ ಚಾಲಕರು ಕ್ಯಾನು ಹಿಡಿದು ಹೊರಡುವುದು ಬಹುಪಾಲು ಹೊಗೆಯ ದೆಸೆಯಿಂದಲೇ. ಮಂಗಳೂರಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಹಳೆ ಲಾರಿ ಸಂಪಾಜೆ ದಾಟಿ ಏರು ಹಿಡಿದ ಕೂಡಲೇ ಕರಿ ಹೊಗೆ ಕಾರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರಿಗೂ ಮೇಲಿದೆ. ಅಷ್ಟೆತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಹನ್ನೆರಡು ಹದಿಮೂರು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನಿಗೆ ಸಿಗುವ ಗಾಳಿ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಪಂಪು ಮಾತ್ರ ಕೆಳಗಿನ ಲೆಕ್ಕದಲ್ಲೇ ಡೀಸೆಲ್ ತಳ್ಳುತ್ತಿರುತ್ತದೆ. ಸಾಲದ್ದಕ್ಕೆ ಎರಡನೇ ಗೇರು, ಹಿಂದೆ ಹೇರಿದ ಸಿಲ್ವರ್ ಓಕ್ ದಿಮ್ಮಿ, ಕೊನೆಯವರೆಗೆ ಒತ್ತಿ ಹಿಡಿದ ಆಕ್ಸಲರೇಟರು. ಉರಿಯದೆ ಉಳಿದ ಡೀಸೆಲ್ ಮಸಿಯಾಗಿ ಹೊರಗೆ ಬರುತ್ತದೆ. ಇದರಲ್ಲಿ ಡೀಸೆಲಿನ ತಪ್ಪೇನೂ ಇಲ್ಲ.

ಗೋಣಿಕೊಪ್ಪದ ಗ್ಯಾರೇಜೊಂದರಲ್ಲಿ ಕಿವಿಗೆ ಬಿದ್ದ ಮಾತು ಇದು.

"ಅಣ್ಣಾ, ಹೊಗೆ ವಿಪರೀತ ಇತ್ತು. ಟ್ಯಾಂಕಿಗೆ ಐದು ಲೀಟರ್ ಸೀಮೆಎಣ್ಣೆ ಹಾಕ್ದೆ."

"ನಿಲ್ತಾ?"

"ಕಮ್ಮಿ ಆಯ್ತು."

"ಪಿಕಪ್ಪು?"

"ಅದೂ ಸ್ವಲ್ಪ ಕಮ್ಮಿ ಆದ ಹಾಗಿದೆ."

"ಹಂಗಾದ್ರೆ ಕಾಲು ಸ್ವಲ್ಪ ಮೇಲೆತ್ತಿ ಓಡ್ಸು. ಸೀಮೆಎಣ್ಣೆ ದುಡ್ಡಾದ್ರೂ ಉಳಿಯುತ್ತೆ."

ಮೇಸ್ತ್ರಿ ತಮಾಷೆ ಮಾಡುತ್ತಿರಲಿಲ್ಲ. ಸೀಮೆಎಣ್ಣೆ ಡೀಸೆಲಿಗಿಂತ ಹಗುರ. ಹಳೆ ಪಂಪಿಗೆ ತೂಕ ತಿಳಿಯದು, ಅದು ಪ್ರತಿ ಸಲ ಇಷ್ಟು ಗಾತ್ರ ಎಂದು ಕೊಡುತ್ತದೆ. ಅದೇ ಗಾತ್ರದಲ್ಲಿ ಸೀಮೆಎಣ್ಣೆಯ ಶಾಖ ಕಡಿಮೆ. ಎಂಜಿನಿಗೆ ಆಹಾರವೇ ಒಂದಿಷ್ಟು ಕಡಿತವಾದ್ದರಿಂದ ಹೊಗೆ ಇಳಿಯಿತು, ಅದರ ಜೊತೆಗೆ ಬಲವೂ ಇಳಿಯಿತು. ಪಂಪಿನ ಸೆಟ್ಟಿಂಗನ್ನು ಸ್ವಲ್ಪ ಇಳಿಸಿದ್ದರೂ ಇದೇ ಆಗುತ್ತಿತ್ತು. ಏರ್ ಫಿಲ್ಟರಿನ ಧೂಳು ಕೊಡವಿದ್ದರೆ ಬಲ ಕಳೆದುಕೊಳ್ಳದೆಯೇ ಹೊಗೆ ಇಳಿಯುತ್ತಿತ್ತು. ಬೇಸಗೆಯಲ್ಲಿ ತೋಟದ ಮಣ್ಣುರಸ್ತೆಯಲ್ಲಿ ಓಡಾಡುವ ಪಿಕಪ್ಪಿನ ಏರ್ ಫಿಲ್ಟರನ್ನು ಒಮ್ಮೆ ಬಿಚ್ಚಿ ನೆಲಕ್ಕೆ ತಟ್ಟಿ ನೋಡಿ. ಬೊಗಸೆ ತುಂಬ ಕೆಂಪು ಧೂಳು ಬೀಳುತ್ತದೆ.

ಡೀಸೆಲಿಗೆ ಸೀಮೆಎಣ್ಣೆ ಬೆರೆಸುವ ಪದ್ಧತಿ ಹಿಮ ಬೀಳುವ ದೇಶಗಳಲ್ಲೂ ಇದೆ. ಚಳಿಗೆ ಡೀಸೆಲಿನ ಮೇಣ ಹೆಪ್ಪುಗಟ್ಟಿ ಫಿಲ್ಟರು ಕಟ್ಟಿಕೊಳ್ಳುತ್ತದೆ, ಅದನ್ನು ತಪ್ಪಿಸಲು ಬೆರೆಸುತ್ತಾರೆ. ಜನವರಿಯಲ್ಲಿ ಮಡಿಕೇರಿಯ ಚಳಿಗೆ ನಮ್ಮ ಹಲ್ಲು ಕಟಕಟ ಅನ್ನಬಹುದು, ಡೀಸೆಲ್ ಹೆಪ್ಪುಗಟ್ಟುವಷ್ಟು ಚಳಿ ಅದಲ್ಲ. ನಮ್ಮಲ್ಲಿ ಕಾರಣ ಬೇರೆ. ರೇಷನ್ ಸೀಮೆಎಣ್ಣೆಗೂ ಬಂಕಿನ ಡೀಸೆಲಿಗೂ ಬೆಲೆಯಲ್ಲಿ ದೊಡ್ಡ ಅಂತರವಿತ್ತು. ಬಡವರ ದೀಪಕ್ಕೆಂದು ಸರ್ಕಾರ ಸಬ್ಸಿಡಿ ಕೊಟ್ಟ ಎಣ್ಣೆ ಲಾರಿಗಳ ಹೊಟ್ಟೆ ಸೇರಿತು. ಗುರುತು ಸಿಗಲೆಂದು ಅದಕ್ಕೆ ನೀಲಿ ಬಣ್ಣ ಹಾಕಿದರು. 2006ರಲ್ಲಿ ಕಣ್ಣಿಗೆ ಕಾಣದ ಗುರುತಿನ ರಾಸಾಯನಿಕವನ್ನೂ ಬೆರೆಸಿ ನೋಡಿದರು. ಅದಕ್ಕೆ ಒಂದು ವರ್ಷ ಮೊದಲು, 2005ರ ನವೆಂಬರ್ 19ರಂದು, ಉತ್ತರ ಪ್ರದೇಶದ ಲಖಿಂಪುರ ಖೇರಿ ಜಿಲ್ಲೆಯಲ್ಲಿ ಮಂಜುನಾಥ್ ಷಣ್ಮುಗಂ ಎಂಬ ಇಂಡಿಯನ್ ಆಯಿಲ್ ಅಧಿಕಾರಿಯನ್ನು ಗುಂಡಿಟ್ಟು ಕೊಂದರು. ಕಲಬೆರಕೆ ಮಾಡುತ್ತಿದ್ದ ಬಂಕನ್ನು ಮುಚ್ಚಿಸಿದ್ದೇ ಅವರು ಮಾಡಿದ ಅಪರಾಧ. ಅವರು ನಮ್ಮ ಕೋಲಾರ ಚಿನ್ನದ ಗಣಿಯ ಹುಡುಗ, ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಸತ್ತಾಗ ಮೂವತ್ತೂ ತುಂಬಿರಲಿಲ್ಲ. ಟ್ಯಾಂಕಿಗೆ ಐದು ಲೀಟರ್ ಸುರಿದುಕೊಂಡ ಚಾಲಕನನ್ನು ಆ ಕೊಲೆಗಡುಕರ ಸಾಲಿಗೆ ಸೇರಿಸುತ್ತಿಲ್ಲ. ಆ ಐದು ಲೀಟರಿನ ಹಿಂದೆ ಎಂಥ ವ್ಯಾಪಾರ ನಡೆಯುತ್ತಿತ್ತು ಎಂದು ತಿಳಿದಿರಲಿ ಅಂತ ಹೇಳಿದೆ.

ಹಾಗಾದರೆ ಹಿಂದಿನ ಲಾರಿಗಳು ಸೀಮೆಎಣ್ಣೆ ಕುಡಿದೂ ಹೇಗೆ ಬದುಕಿದವು? ಇದಕ್ಕೆ ಉತ್ತರ ಪಂಪಿನಲ್ಲಿದೆ, ಪಂಪಿನ ಕಥೆ ಬೆಂಗಳೂರಿನಲ್ಲಿದೆ. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಮೈಕೋ, ಶುರುವಾಯಿತು. ಜರ್ಮನಿಯ ಬಾಷ್ ಕಂಪನಿಯ ವಿನ್ಯಾಸದ ಡೀಸೆಲ್ ಪಂಪುಗಳು, ನಾಝಲುಗಳು ಆಡುಗೋಡಿಯ ಕಾರ್ಖಾನೆಯಿಂದ ಹೊರಬಂದವು. ಅದೇ ಹೊತ್ತಿಗೆ, 1954ರಲ್ಲಿ, ಟಾಟಾದವರು ಮರ್ಸಿಡಿಸ್ ಬೆಂಜ್ ಜೊತೆ ಕೂಡಿ ಲಾರಿ ತಯಾರಿಸತೊಡಗಿದರು. ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದರೂ ನಮ್ಮ ಮೇಸ್ತ್ರಿಗಳಿಗೆ ಅದು ಇಂದಿಗೂ ಮೈಕೋ ಪಂಪೇ.

ಆ ಹಳೆ ಸಾಲು ಪಂಪಿನೊಳಗೆ ಸಿಲಿಂಡರಿಗೊಂದರಂತೆ ಪ್ಲಂಜರುಗಳು ನಿಂತಿರುತ್ತವೆ. ಪ್ಲಂಜರು, ಅದು ಕೂರುವ ಬ್ಯಾರಲು, ಇವೆರಡನ್ನೂ ಜೋಡಿಯಾಗಿಯೇ ಉಜ್ಜಿ ತಯಾರಿಸಿರುತ್ತಾರೆ. ಒಂದರ ಪ್ಲಂಜರು ಇನ್ನೊಂದರ ಬ್ಯಾರಲಿಗೆ ಕೂರದು. ನಡುವಿನ ಸಂದು ಕೆಲವೇ ಮೈಕ್ರಾನ್, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿನ ಆಸುಪಾಸು. ಬಿಚ್ಚಿ ಡೀಸೆಲಿನಲ್ಲಿ ಅದ್ದಿ ಮತ್ತೆ ಕೂರಿಸಿದರೆ ಪ್ಲಂಜರು ತನ್ನ ಭಾರಕ್ಕೇ ನಿಧಾನವಾಗಿ ಒಳಗೆ ಜಾರಬೇಕು. ಸವೆದಿದ್ದರೆ ದಬಕ್ಕನೆ ಬೀಳುತ್ತದೆ. ಅಷ್ಟು ಸೂಕ್ಷ್ಮವಾಗಿದ್ದರೂ ಆ ಪಂಪು ಗಟ್ಟಿಗ. ಕೆಳಗಿನ ಕ್ಯಾಮು, ಬೇರಿಂಗುಗಳಿಗೆಲ್ಲ ಎಂಜಿನ್ ಆಯಿಲೇ ಜಿಡ್ಡು ಕೊಡುತ್ತಿತ್ತು, ಡೀಸೆಲನ್ನು ನಂಬಿ ಕೂತದ್ದು ಪ್ಲಂಜರು ಮಾತ್ರ. ಹಾಗಾಗಿ ಸೀಮೆಎಣ್ಣೆಯಂಥ ಒಣ ಎಣ್ಣೆಯನ್ನೂ ಅದು ವರ್ಷಗಟ್ಟಲೆ ತಾಳಿಕೊಂಡಿತು. ಆಮೇಲೆ ಜೀಪು, ಸಣ್ಣ ಗಾಡಿಗಳಿಗೆ ರೋಟರಿ ಪಂಪು ಬಂತು. ಅದರಲ್ಲಿ ಒಳಗಿನ ಎಲ್ಲ ಭಾಗಕ್ಕೂ ಡೀಸೆಲೇ ಜಿಡ್ಡು. ಈಗಿನ ಕಾಮನ್ ರೈಲ್ ಎಂಜಿನಿನಲ್ಲಂತೂ ಒತ್ತಡ 1,600 ಬಾರ್, 2,000 ಬಾರ್. ಹಳೆ ನಾಝಲು ಬಾಯಿ ತೆರೆಯುತ್ತಿದ್ದುದು 200 ಬಾರಿನ ಸುಮಾರಿಗೆ. ಎಂಟು ಹತ್ತು ಪಟ್ಟು ಒತ್ತಡದಲ್ಲಿ ಒಣ ಎಣ್ಣೆ ಓಡಿದರೆ ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಆ ಗೀರಿನಿಂದ ಎದ್ದ ಲೋಹದ ಪುಡಿ ಪಂಪಿನಿಂದ ರೈಲಿಗೆ, ರೈಲಿನಿಂದ ನಾಲ್ಕೋ ಆರೋ ಇಂಜೆಕ್ಟರಿಗೆ ಹರಡುತ್ತದೆ. ಅಷ್ಟನ್ನೂ ಬದಲಾಯಿಸಿದ ಬಿಲ್ಲು ನೋಡಿದವರು ಇನ್ನೊಮ್ಮೆ ಕ್ಯಾನು ಮುಟ್ಟುವುದಿಲ್ಲ.

ಟೂಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಸ್ಕೂಟರಿಗೆ ಹಾಕುತ್ತಿದ್ದ ಎಣ್ಣೆಯ ಕಥೆಯೂ ಇಲ್ಲಿಗೇ ಸೇರುತ್ತದೆ. 1990ರ ದಶಕದ ನಡುವಿನವರೆಗೂ ನಮ್ಮ ಡೀಸೆಲಿನಲ್ಲಿ ಹತ್ತು ಲಕ್ಷಕ್ಕೆ ಹತ್ತು ಸಾವಿರ ಪಾಲಿನವರೆಗೆ ಗಂಧಕ ಇರಬಹುದಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಹೊಗೆ ನಿಯಮದ ಡೀಸೆಲಿನಲ್ಲಿ ಅದು ಹತ್ತಕ್ಕೆ ಇಳಿಯಿತು. ಗಂಧಕ ತೆಗೆಯುವ ಕ್ರಿಯೆಯಲ್ಲಿ ಡೀಸೆಲಿನ ಸಹಜ ಜಿಡ್ಡೂ ಹೋಗುತ್ತದೆ ಎಂಬುದು ನಿಜ. ಈ ಅರ್ಧ ಸತ್ಯ ಹಿಡಿದುಕೊಂಡು ಟ್ಯಾಂಕಿಗೆ ಟೂಟಿ ಸುರಿಯುವವರಿದ್ದಾರೆ. ಉಳಿದರ್ಧ ಏನೆಂದರೆ, ಕಳೆದುಕೊಂಡ ಜಿಡ್ಡನ್ನು ರಿಫೈನರಿಯವರೇ ಮತ್ತೆ ಸೇರಿಸಿ ಕಳಿಸುತ್ತಾರೆ. ಡೀಸೆಲಿನಲ್ಲಿ ಮುಳುಗಿಸಿದ ಉಕ್ಕಿನ ಗುಂಡನ್ನು ಉಕ್ಕಿನ ತಟ್ಟೆಯ ಮೇಲೆ 60 ಡಿಗ್ರಿ ಬಿಸಿಯಲ್ಲಿ 75 ನಿಮಿಷ ಉಜ್ಜಿ, ಗುಂಡಿನ ಮೇಲಿನ ಸವೆತದ ಗುರುತು 460 ಮೈಕ್ರಾನ್ ಮೀರದಿದ್ದರೆ ಮಾತ್ರ ಡೀಸೆಲ್ ಪಾಸು. ಟೂಟಿಯಿಂದ ಬೂದಿ ಬರುತ್ತದೆ. ಬಿಎಸ್-6 ಗಾಡಿಯ ಸೈಲೆನ್ಸರಿನ ಹಾದಿಯಲ್ಲಿರುವ ಮಸಿ ಸೋಸುವ ಜಾಲರಿಯಲ್ಲಿ ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿ ಅಲ್ಲೇ ಕೂರುತ್ತದೆ.

ಹೊಂಗೆಎಣ್ಣೆಯ ವಿಷಯ ಮಾತ್ರ ಬೇರೆ. ಅದನ್ನು ಬೈದು ಕಳಿಸಲು ನನಗೆ ಮನಸ್ಸಿಲ್ಲ. ಡೀಸೆಲ್ ಎಂಜಿನಿಗೂ ಗಿಡದ ಎಣ್ಣೆಗೂ ಹುಟ್ಟಿನಿಂದಲೇ ಸಂಬಂಧ. 1900ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು. ನೂರು ವರ್ಷದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ನಮ್ಮ ಬೇಲಿಯ ಹೊಂಗೆ ಬೀಜದ ಎಣ್ಣೆಯಿಂದ ಜನರೇಟರು ಓಡಿಸಿ, ಹಳ್ಳಿಗಳಲ್ಲಿ ಕರೆಂಟು, ನೀರಿನ ಪಂಪು ನಡೆಸಿ ತೋರಿಸಿದರು. ಅದು ಬರೀ ಪ್ರಯೋಗವಾಗಿ ಉಳಿಯಲಿಲ್ಲ. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಹಾಸನದ ಹತ್ತಿರ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ತೆರೆಯಿತು. ಬೇವು, ಹೊಂಗೆ, ಹಿಪ್ಪೆ, ಸಿಮರೂಬ ಗಿಡಗಳನ್ನು ಹೊಲದ ಬದುವಿನ ಮೇಲೆ ಬೆಳೆಯಿರಿ ಎಂದು ರೈತರಿಗೆ ಹೇಳಿತು. ಒಳ್ಳೆಯ ಆಲೋಚನೆ. ಎಣ್ಣೆಗಾಗಿ ಅನ್ನದ ಹೊಲ ಬಿಡಬೇಕಾಗಿಲ್ಲ.

ಹಾಗಿದ್ದರೆ ಗಾಣದಿಂದ ತಂದ ಹೊಂಗೆಎಣ್ಣೆಯನ್ನು ಲಾರಿಯ ಟ್ಯಾಂಕಿಗೆ ಯಾಕೆ ಸುರಿಯಬಾರದು? ಅದು ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ನಾಝಲಿನಿಂದ ಮಂಜಿನಂತೆ ಹೊರಡಬೇಕಾದದ್ದು ಹನಿಹನಿಯಾಗಿ ಬೀಳುತ್ತದೆ, ಅರ್ಧ ಉರಿಯುತ್ತದೆ. ನಾಝಲಿನ ತುದಿಯಲ್ಲಿ ಇದ್ದಿಲು ಕಟ್ಟುತ್ತದೆ, ಪಿಸ್ಟನ್ ರಿಂಗು ಅಂಟಿಕೊಳ್ಳುತ್ತದೆ. ಉರಿಯದ ಎಣ್ಣೆ ಸಿಲಿಂಡರಿನ ಗೋಡೆಯಲ್ಲಿ ಇಳಿದು ಸಂಪಿಗೆ ಸೇರಿದರೆ ಎಂಜಿನ್ ಆಯಿಲ್ ಗಟ್ಟಿಯಾಗುತ್ತ ಹೋಗಿ ಕೊನೆಗೆ ಲೋಳೆಯಾಗುತ್ತದೆ. ಒಂದೇ ವೇಗದಲ್ಲಿ, ಒಂದೇ ಭಾರದಲ್ಲಿ, ಬಿಸಿಯಾಗಿ ಓಡುವ ಜನರೇಟರು ಇದನ್ನು ಎಷ್ಟೋ ಸಹಿಸುತ್ತದೆ. ಲಾರಿ ಹಾಗಲ್ಲ. ಕುಶಾಲನಗರದ ಕಾಫಿ ಕ್ಯೂರಿಂಗ್ ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತು ಗಂಟೆಗಟ್ಟಲೆ ಐಡಲಿನಲ್ಲಿ ಗುಡುಗುಡಿಸುವುದೂ ಅದರ ಕೆಲಸವೇ. ಹೊಂಗೆಎಣ್ಣೆಯ ಇದ್ದಿಲು ಹೆಚ್ಚು ಕಟ್ಟುವುದು ಹಾಗೆ ತಣ್ಣಗೆ ಉರಿಯುವಾಗಲೇ.

ಈ ಮಂದತನ ಹೋಗಲಾಡಿಸಲು ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದ ಜೊತೆ ಬೆರೆಸಿ ಗ್ಲಿಸರಿನ್ ಬೇರ್ಪಡಿಸಬೇಕು. ಆಗ ಸಿಗುವುದು ಬಯೋಡೀಸೆಲ್. ಮನೆಯ ಹಿಂದೆ ಡ್ರಮ್ಮಿಟ್ಟುಕೊಂಡು ಇದನ್ನೂ ಮಾಡಿ ನೋಡಿದವರಿದ್ದಾರೆ. ಗಾಣದ ಹೊಂಗೆಎಣ್ಣೆಯಲ್ಲಿ ಹುಳಿ ಅಂಶ ಜಾಸ್ತಿ. ಅದನ್ನು ಮೊದಲು ತೆಗೆಯದೆ ಕ್ಷಾರ ಹಾಕಿದರೆ ಇಂಧನ ಸಿಗದೆ ಡ್ರಮ್ಮಿನ ತುಂಬ ಸೋಪು ಸಿಗುತ್ತದೆ. ಮೆಥನಾಲಂತೂ ವಿಷ, ಒಳಗೆ ಹೋದರೆ ಕಣ್ಣು ಕಳೆಯುತ್ತದೆ, ಉರಿಯುವಾಗ ಹಗಲಲ್ಲಿ ಜ್ವಾಲೆಯೂ ಕಾಣದು. ಸರಿಯಾಗಿ ತಯಾರಾಗಿ, ಪರೀಕ್ಷೆಯಾಗಿ ಬಂದ ಬಯೋಡೀಸೆಲನ್ನು ಸಣ್ಣ ಪ್ರಮಾಣದಲ್ಲಿ ಬೆರೆಸುವುದಕ್ಕೆ ಯಾರ ತಕರಾರೂ ಇಲ್ಲ. ನೂರಕ್ಕೆ ಒಂದೆರಡು ಪಾಲು ಬೆರೆತರೆ ಡೀಸೆಲಿನ ಜಿಡ್ಡೂ ಸುಧಾರಿಸುತ್ತದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರೊಳಗೆ ನೂರಕ್ಕೆ ಐದು ಪಾಲಿನ ಗುರಿ ಇಟ್ಟುಕೊಂಡಿದೆ.

ಇನ್ನು ಸಂಪಿಗೆ ಇಳಿಯೋಣ. ಆಯಿಲ್ ಬದಲಿಸುವ ಮೊದಲು ಒಂದು ಲೀಟರ್ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹಾಕಿ ಎಂಜಿನ್ ಓಡಿಸಿ "ತೊಳೆಯುವ" ಪದ್ಧತಿ ಅನೇಕ ಕಡೆ ಇದೆ. ತೆಳುವಾದ ಆಯಿಲಿನಲ್ಲಿ ಓಡುವ ಆ ಹತ್ತು ನಿಮಿಷ ಬೇರಿಂಗಿಗೆ ರಕ್ಷಣೆ ಇರುವುದಿಲ್ಲ. ವರ್ಷಗಳಿಂದ ಮೂಲೆಯಲ್ಲಿ ಕೂತ ಜಿಗುಟು ಒಮ್ಮೆಲೇ ಕಳಚಿ ಆಯಿಲ್ ಪಂಪಿನ ಜಾಲರಿಗೆ ಬಂದು ಕೂರುವುದೂ ಉಂಟು. ಆಯಿಲ್ ಕರ್ರಗಾಯಿತು, ಹಾಳಾಯಿತು ಎಂಬುದೂ ಪೂರ್ತಿ ನಿಜವಲ್ಲ. ಡೀಸೆಲ್ ಎಂಜಿನ್ ಆಯಿಲ್ ಬೇಗ ಕಪ್ಪಾಗಲೇಬೇಕು. ಮಸಿಯನ್ನು ಎಲ್ಲೂ ಕೂರಗೊಡದೆ ಹಿಡಿದುಕೊಳ್ಳಲು ಅದರಲ್ಲಿ ರಾಸಾಯನಿಕ ಇದೆ. ಆಮ್ಲ ತಣಿಸಲು ಕ್ಯಾಲ್ಸಿಯಂ, ಸವೆತ ತಡೆಯಲು ಸತು ಮತ್ತು ರಂಜಕದ ಸಂಯುಕ್ತಗಳೂ ಇವೆ. ಅಳೆದು ಬೆರೆಸಿದ ಆ ಎಣ್ಣೆಗೆ ನಾವು ಇನ್ನೊಂದು ಬಾಟಲಿ ಸುರಿದರೆ ಲೆಕ್ಕ ತಪ್ಪುವುದೇ ಹೆಚ್ಚು.

ಹಳೆ ಗಾಡಿ ಮಾರುವಾಗ ಎಂಜಿನಿಗೆ ದಪ್ಪ ಗೇರ್ ಆಯಿಲ್ ಸುರಿದು ಬಡಿತ ಅಡಗಿಸುವುದು, ಡಿಫರೆನ್ಷಿಯಲಿಗೆ ಮಿಲ್ಲಿನ ಮರದ ಹೊಟ್ಟು ಹಾಕಿ ಗುಂಯ್‌ಗುಡುವುದನ್ನು ನಿಲ್ಲಿಸುವುದು, ಇವುಗಳನ್ನು ಮದ್ದು ಎನ್ನಬಾರದು. ಮೋಸ ಎನ್ನಬೇಕು. ಕೊಳ್ಳುವವರು ಡಿಪ್‌ಸ್ಟಿಕ್ ಎಳೆದು ಎರಡು ಬೆರಳಿನ ನಡುವೆ ಆಯಿಲ್ ಉಜ್ಜಿ ನೋಡಿ, ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ.

ತೆಗೆದ ಹಳೆ ಆಯಿಲನ್ನು ಸೋಸಿ ಡೀಸೆಲಿಗೆ ಬೆರೆಸುವವರ ಪರವಾಗಿ ಒಂದು ಮಾತು ಹೇಳಲೇಬೇಕು. ಅಮೆರಿಕದ ಕಮ್ಮಿನ್ಸ್ ಕಂಪನಿಯೇ 1990ರ ದಶಕದಲ್ಲಿ ಹಳೆ ಆಯಿಲನ್ನು ಅಳತೆಯಿಂದ ಚೂರುಚೂರೇ ಡೀಸೆಲಿಗೆ ಸೇರಿಸಿ ಉರಿಸುವ ಸಾಧನ ಮಾರಿತ್ತು. ಸೈಲೆನ್ಸರಿನಲ್ಲಿ ಜಾಲರಿಯಾಗಲಿ ಕ್ಯಾಟಲಿಸ್ಟಾಗಲಿ ಇಲ್ಲದ ಕಾಲದ ಮಾತು ಅದು. ಈಗ ಅದರ ಸತು, ರಂಜಕ, ಕ್ಯಾಲ್ಸಿಯಂ ಎಲ್ಲ ಹೋಗಿ ಕೂರುವುದು ಜಾಲರಿಯ ಮೇಲೆ. ಬಟ್ಟೆಯಲ್ಲಿ ಸೋಸಿದರೆ ಬೇರಿಂಗಿನ ಲೋಹದ ಪುಡಿ ನಿಲ್ಲುವುದೂ ಇಲ್ಲ.

ನಮ್ಮ ತೋಟದ ಜಿಲ್ಲೆಗೆಂದೇ ಹೇಳಿಮಾಡಿಸಿದ ಹೊಸ ಮನೆಮದ್ದು ಯೂರಿಯಾ. ಬಿಎಸ್-6 ಲಾರಿಗೆ ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಸಣ್ಣ ಟ್ಯಾಂಕೊಂದಿದೆ. ಅದಕ್ಕೆ ಹಾಕುವ ಡೆಫ್ ದ್ರವದಲ್ಲಿ ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಅದು ಬಿಸಿ ಹೊಗೆಯಲ್ಲಿ ಒಡೆದು ಅಮೋನಿಯಾ ಆಗಿ, ನೈಟ್ರೋಜನ್ನಿನ ವಿಷಾನಿಲವನ್ನು ಬರೀ ನೈಟ್ರೋಜನ್ ಮತ್ತು ನೀರಾಗಿ ಮಾಡುತ್ತದೆ. ಇಷ್ಟು ತಿಳಿದ ಮೇಲೆ ತೋಟದ ಸ್ಟೋರಿನಲ್ಲಿ ಮೂಟೆಗಟ್ಟಲೆ ಯೂರಿಯಾ ಇಟ್ಟುಕೊಂಡವರಿಗೆ ಕೈ ಕಡಿಯದಿರುತ್ತದೆಯೇ? ಒಂದು ಬಕೆಟ್ ನೀರು, ಒಂದು ತಕ್ಕಡಿ, ಅಷ್ಟೇ ತಾನೆ ಅನ್ನಿಸುತ್ತದೆ. ಆದರೆ 2015ರಿಂದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯ. ನೆಲಕ್ಕೆ ಒಳ್ಳೆಯದಾದ ಆ ಲೇಪ ಇಂಜೆಕ್ಟರಿನ ಬಾಯಿ ಕಟ್ಟುತ್ತದೆ. ಬಾವಿ ನೀರಿನ ಕ್ಯಾಲ್ಸಿಯಂ ಕ್ಯಾಟಲಿಸ್ಟಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ದ್ರವ ಸರಿಯಿಲ್ಲವೆಂದು ಗಾಡಿಯ ಕಂಪ್ಯೂಟರಿಗೆ ಗೊತ್ತಾದರೆ ಅದು ಎಂಜಿನಿನ ಬಲವನ್ನೇ ಕಡಿತಗೊಳಿಸುತ್ತದೆ. ಅದು ಕಡಿತಗೊಳಿಸಲು ಆರಿಸಿಕೊಳ್ಳುವ ಜಾಗ ಕುಶಾಲನಗರದ ಸಮತಟ್ಟು ರಸ್ತೆಯೇ ಆಗಬೇಕೆಂದಿಲ್ಲ, ಘಾಟಿಯ ತಿರುವೂ ಆದೀತು. ಸಬ್ಸಿಡಿ ಗೊಬ್ಬರವನ್ನು ಬೇಸಾಯ ಬಿಟ್ಟು ಬೇರೆಯದಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅಪರಾಧವೂ ಹೌದು.

ಇಷ್ಟೆಲ್ಲ ಬೆರೆಸುವ ನಾವು ತೆಗೆಯಬೇಕಾದ ಒಂದನ್ನು ಮರೆಯುತ್ತೇವೆ. ಕೊಡಗಿನಲ್ಲಿ ಡೀಸೆಲಿನ ಮೊದಲ ಶತ್ರು ನೀರು. ಕಾಫಿ ಪಲ್ಪರಿಗೆ, ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿಗೆ, ಮಳೆಗಾಲದಲ್ಲಿ ಕರೆಂಟು ಹೋದಾಗ ಜನರೇಟರಿಗೆ ಎಂದು ತೋಟದ ಮನೆಗಳಲ್ಲಿ ಬ್ಯಾರಲಿನಲ್ಲಿ ಡೀಸೆಲ್ ಇಡುತ್ತಾರೆ. ಪಿಕಪ್ಪಿಗೂ ಅದರಿಂದಲೇ ಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯ ಸೀಮೆಯಲ್ಲಿ ಬ್ಯಾರಲು ಹೊರಗೆ ನಿಂತರೆ ಅದರ ತಲೆಯ ಮೇಲೆ ನೀರು ನಿಲ್ಲುತ್ತದೆ. ಹಗಲ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಹೊರಗೆ ಹೋಗುತ್ತದೆ. ರಾತ್ರಿಯ ತಂಪಿಗೆ ಕುಗ್ಗಿ, ನಿಂತ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಬಿರಡೆ ಬಿಗಿಯಾಗಿಯೇ ಇರುತ್ತದೆ, ನೀರು ಹೇಗೆ ಬಂತೆಂದು ಯಾರಿಗೂ ಹೊಳೆಯುವುದಿಲ್ಲ. ತಳಕ್ಕಿಳಿದ ನೀರಿಗೂ ಮೇಲಿನ ಡೀಸೆಲಿಗೂ ನಡುವೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಕರಿ ಲೋಳೆಯಾಗುತ್ತವೆ. ಮಳೆಗಾಲದ ಕಕ್ಕಡ ತಿಂಗಳು ಕಳೆಯುವ ಹೊತ್ತಿಗೆ ಫಿಲ್ಟರು ಕಟ್ಟಿಕೊಂಡು ಗಾಡಿ ಎಳೆಯುವುದಿಲ್ಲ. ಆಗ ಮತ್ತೆ ಯಾರೋ ಥಿನ್ನರ್ ಹಾಕು, ಕರ್ಪೂರ ಹಾಕು ಎನ್ನುತ್ತಾರೆ.

ಆದ್ದರಿಂದ ಮೇ ತಿಂಗಳು ಮುಗಿಯುವ ಮೊದಲೇ ಬ್ಯಾರಲನ್ನು ಮಾಡಿನ ಕೆಳಗೆ ತನ್ನಿ. ಜಾಗವಿಲ್ಲದಿದ್ದರೆ ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಸಮಮಟ್ಟಕ್ಕೆ ಬರುವಂತೆ ತಿರುಗಿಸಿಡಿ. ತುಂಬಿದ ಬ್ಯಾರಲನ್ನು ಹಾಗಿಟ್ಟರೆ ಬಿರಡೆಗಳು ಒಳಗಡೆಯಿಂದ ಡೀಸೆಲಿನಲ್ಲೇ ಮುಳುಗಿರುತ್ತವೆ, ಗಾಳಿ ಆಡುವುದಿಲ್ಲ. ನಿಲ್ಲಿಸಲೇಬೇಕಾದರೆ ಒಂದು ಬದಿಗೆ ಇಟ್ಟಿಗೆ ಕೊಟ್ಟು ವಾಲಿಸಿ, ನೀರು ಬಿರಡೆಯ ಹತ್ತಿರ ನಿಲ್ಲದೆ ಎದುರು ಬದಿಗೆ ಹರಿಯಲಿ. ಡೀಸೆಲ್ ಎಳೆಯುವ ಪೈಪು ತಳದಿಂದ ನಾಲ್ಕು ಬೆರಳು ಮೇಲಿರಲಿ. ತಳದಲ್ಲಿ ಉಳಿದದ್ದನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ರಾತ್ರಿ ಬಿಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಂತಿರುತ್ತದೆ. ಗಾಡಿಯ ಫಿಲ್ಟರಿನ ಕೆಳಗೂ ನೀರು ಬಸಿಯುವ ತಿರುಪು ಇದೆ. ಡ್ಯಾಶ್‌ಬೋರ್ಡಿನ ದೀಪ ಹೊತ್ತಿಕೊಳ್ಳುವವರೆಗೆ ಕಾಯಬೇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಅದನ್ನು ಸಡಿಲಿಸಿ ಕೆಳಗೆ ಲೋಟ ಹಿಡಿಯಿರಿ. ತಿಳಿ ಡೀಸೆಲ್ ಬರತೊಡಗಿದ ಮೇಲೆ ತಿರುಪು ಬಿಗಿದು, ಗಾಳಿ ಹಿಡಿದಿದ್ದರೆ ಕೈಪಂಪು ಒತ್ತಿ ಗಾಳಿ ತೆಗೆದು, ಆಮೇಲೆ ಸೆಲ್ಫ್ ಕೊಡಿ.